ಮೂರು ಬುರುಡಿ ನೀರು

ಹೊಸ ಅರಿವಿ ಮೊದಲನೇ ಸಲ ನೀರಾಗ ತೊಯ್ದಾಗ ಒಂದು ಗಂಜಿ ವಾಸನಿ ಬರತೈತಿ ನೋಡ್ರಿ, ಅದು ನನಗ ಆಗೂದಿಲ್ಲ. ಮೊನ್ನೆ ದವಾಖಾನಿ ಕಡಿಯಿಂದ ಒಬ್ಬಾಕಿ ನರ್ಸಬಾಯಿ ನಮ್ಮ ಓಣಿಗೆ ಬಂದಿದ್ಲು. ಕೈಯಾಗ ಒಂದು ಚಿತ್ರ. ಚಿತ್ರದಾಗ ಒಂದು ಕಾಲು, ಕಾಲಿನ ಹುಣ್ಣಿನೊಳಗಿಂದ ಬಿಳೇ ದಾರದಂಗ ಒಂದು ಹುಳ, ಹುಳದ ತುದಿ ಒಂದು ಕಡ್ಡಿಗೆ ಸುತ್ತಿತ್ತು. "ಅಜ್ಜಿ, ನಿಮ್ಮ ಮನ್ಯಾಗ ಹಿಂದ ಯಾರಿಗರೆ ನಾರುಹುಣ್ಣ ಆಗಿತ್ತೇನ್ರಿ?" ಅಂದ್ಲು. "ಇಲ್ಲವಾ, ನಮ್ಮ ಮನ್ಯಾಗ ಯಾರಿಗೂ ಆಗಿಲ್ಲ" ಅಂದೆ. ಆಕಿ ಬರಕೊಂಡ್ಲು. ಆಮ್ಯಾಲೆ ಚೀಲದಾಗಿಂದ ಒಂದು ಹೊಸ ಅರಿವಿ ತಗದು ನಮ್ಮ ಕೊಡದ ಬಾಯಿಗೆ ಕಟ್ಟಿ, ನೀರು ಸುರುವಿ, "ಹಿಂಗ ಸೋಸಿ ಕುಡೀಬೇಕು ನೋಡ್ರಿ" ಅಂತ ತೋರಿಸಿದ್ಲು. ನನಗ ಸೋಸೂದು ಕಲಸಾಕ ಬಂದಿ ಏನವಾ ಮಗಳ ಅಂತ ಬಾಯಿತನಕ ಬಂತು, ನುಂಗಿಕೊಂಡೆ. ಆಕಿ ಹೋದ ಮ್ಯಾಲೆ ಆ ಅರಿವಿ ಮುಂದ ಎಷ್ಟು ಹೊತ್ತು ಕುಂತಿದ್ನೋ, ಒಲಿ ಮ್ಯಾಲಿನ ಸಾರು ಸೀದು ಹೋಗಿತ್ತು.

ನಾವು ಕುಕನೂರಿನ ಬಳಿಗಾರರು. ಆಗಿನ್ನೂ ನಿಜಾಮನ ಕಾಲ, ಹೊರಗ ದೊಡ್ಡ ಯುದ್ಧ ಶುರುವಾಗಿತ್ತು. ನನಗ ಹತ್ತೊಂಬತ್ತೋ ಇಪ್ಪತ್ತೋ. ನಮ್ಮನಿಯವರ ಹೆಸರು ಬಸಲಿಂಗಪ್ಪ. ಮನ್ಯಾಗ ಮೂರಽ ಮಂದಿ: ನಾನು, ಅವರು, ನಮ್ಮ ಅತ್ತಿ ಸಂಗವ್ವ. ಮಾವ ತೀರಿಕೊಂಡಿದ್ರು. ಮಾವ ಇರೂತನಕ ಅಪ್ಪ ಮಗ ಇಬ್ಬರೂ ಬಳಿ ಹೊತ್ತು ಊರೂರು ತಿರಗತಿದ್ರು, ಅವರು ಹೋದ ಮ್ಯಾಲೆ ಆ ಇನ್ನೊಂದು ಹೆಗಲು ನಂದಾತು. ಹೆಣಮಗಳು ಹೊರಿ ಹೊತ್ತು ಹಾದಿ ತುಳೀತಾಳಂತ ಮಂದಿ ಆಡಿಕೊಂಡ್ರು. ಆಡಿಕೊಳ್ಳಲಿ ಬಿಡ್ರಿ, ಅವರೇನು ಹೊರಾಕ ಬರತಿದ್ರೇನು?

ಬಳಿಗಾರನ ಹೊರಿಗೆ ಮಲಾರ ಅಂತಾರ. ಗಾಜಿನ ಬಳಿ ಹಗ್ಗಕ್ಕ ಸರಾ ಪೋಣಿಸಿ, ಆ ಸರಗಳನ್ನ ಕೂಡಿಸಿ ಕಟ್ಟಿ, ಬೆನ್ನಮ್ಯಾಲೆ ಹೊರೂದು. ಒಂದು ಸಲ ಬೆನ್ನಿಗೇರಿತು ಅಂದ್ರ ಇನ್ನೊಬ್ಬರು ಹಿಡೀಲಾರದ ಇಳಸಾಕ ಬರೂದಿಲ್ಲ, ಏರಸಾಕೂ ಬರೂದಿಲ್ಲ. ಒಬ್ಬೊಬ್ಬ ಬಳಿಗಾರಗ ಇಂತಿಂಥ ಊರು ಅಂತ ಇರತಿದ್ವು. ನಮ್ಮವು ಯಲಬುರ್ಗಾದಿಂದ ಆಚಿಗೆ, ಬೇವೂರು, ಅಲ್ಲಿಂದ ಕುಷ್ಟಗಿತನಕ. ಆ ಊರಾಗಿನ ಮದಲಗಿತ್ತಿಗೆ ಬಳಿ ನಾವಽ ಇಡಬೇಕು, ಬಸರಿಗೆ ಹಸರ ಬಳಿ ನಾವಽ ಇಡಬೇಕು. ಒಂದು ವರ್ಷ ಹೋಗಲಿಲ್ಲ ಅಂದ್ರ ಬ್ಯಾರೆಯವ ಬಂದು ಕುಂದರತಿದ್ದ, ಆಮ್ಯಾಲೆ ಆ ಊರು ನಮಗಿಲ್ಲ.

ತಿರಗೂದು ಥಂಡಿ ದಿನದಾಗ. ಮುಂಜಾನಿ ಎರಿ ಹೊಲದ ಮ್ಯಾಲಿಂದ ಬರೂ ಗಾಳಿ ಕಿವಿ ಕತ್ತರಿಸತಿತ್ತು. ಅದಕ್ಕ ಎರಡು ಕಂಬಳಿ ಬೇಕು. ಕಂಬಳಿ ಇಬ್ಬನಿಗೆ ತೊಯ್ದರಂತೂ ಅದಽ ಒಂದು ಹೊರಿ. ಥಂಡಿಗೆ ಹೆಣಮಕ್ಕಳ ಕೈ ಸೆಟದಿರತಾವ, ಬಳಿ ಏರೂದಿಲ್ಲ, ಏರಿಸಿದ್ರ ಒಡೀತಾವ, ಅದಕ್ಕ ಬ್ಯಾಸಗಿಗಿಂತ ಹೆಚ್ಚಿಗಿ ಬಳಿ ಒಯ್ಯಬೇಕು. ಎಂಟು ದಿನದ ಕಟಕ ರೊಟ್ಟಿ, ಚಟ್ನಿಪುಡಿ. ಇಷ್ಟರ ಮ್ಯಾಲೆ ನೀರು. ಅತ್ತಿಯವರದು ಒಂದು ಕಟ್ಟಳೆ ಇತ್ತು. ಒಣಗಿಸಿದ ಸೋರೆಬುರುಡಿ ಮೂರು, ಮನಿ ನೀರು ಸೋಸಿ ತುಂಬಿಕೊಂಡಽ ಹೊಸ್ತಿಲಾ ದಾಟಬೇಕು. ಮುಂದ ಎಲ್ಲಿ ತುಂಬಿದ್ರೂ ಸೋಸಿಯೇ ತುಂಬಬೇಕು. ಸೋಸಾಕ ಒಂದು ಅರಿವಿ ಇತ್ತು, ಮಾವನ ಹಳೇ ಧೋತರದ ತುಂಡು, ಕೆಂಪು ದಡಿ, ಉಟ್ಟು ಉಟ್ಟು ಮೆತ್ತಗಾದದ್ದು. ಅದನ್ನ ಎರಡು ಪದರ ಮಡಚಿ ಕೊಡದ ಬಾಯಿಗೆ ಹಾಕತಿದ್ರು. "ನೀರಾಗ ಜೀವ ಇರತಾವ" ಅಂತಿದ್ರು, ಅಷ್ಟಽ. ಅದಕ್ಕಿಂತ ಹೆಚ್ಚಿಗಿ ಅವರಿಗೂ ಗೊತ್ತಿರಲಿಲ್ಲ.

ಹೊರಿ ಕಟ್ಟೂದು ಆ ವರ್ಷ ನನ್ನ ಕೆಲಸ ಆಗಿತ್ತು. ನಾ ಭಾಳ ಶಾಣ್ಯಾ ಅಂತ ತಿಳಕೊಂಡಿದ್ದೆ. ಒಂದೊಂದಽ ಕೈಯಾಗ ಹಿಡಿದು ತೂಗಿ ನೋಡಿ, ಇದು ಬೇಕು, ಇದು ಬ್ಯಾಡ ಅಂತ ಬ್ಯಾರೆ ಮಾಡತಿದ್ದೆ. ಬುರುಡಿ ಕೈಗೆ ಬಂತು. ತುಂಬಿದ ಬುರುಡಿ ಕೂಸಿನಷ್ಟು ವಜ್ಜಿ.

"ಅತ್ತಿ, ಈ ಥಂಡ್ಯಾಗ ಯಾರಿಗೆ ನೀರಡಿಕಿ ಆಗತೈತ್ರಿ? ಒಂದು ಬುರುಡಿ ಸಾಕು. ಎರಡು ಬಿಟ್ರ ಇನ್ನೂ ನಾಕು ಸರಾ ಬಳಿ ಬರತಾವ."

"ಥಂಡ್ಯಾಗ ನೀರಡಿಕಿ ಗೊತ್ತಾಗೂದಿಲ್ಲ ಗೌರವ್ವ" ಅಂದ್ರು ಅತ್ತಿ. "ಬ್ಯಾಸಗ್ಯಾಗ ನಾಲಿಗಿ ಹೇಳತೈತಿ. ಥಂಡ್ಯಾಗ ಅದು ಸುಮ್ನ ಇರತೈತಿ, ಒಳಗ ಮೈ ಒಣಗಿಕೋತ ಹೋಗತೈತಿ. ನನ್ನ ಮಗ ಮೊದಲಽ ನೀರು ಕುಡಿಯೂದು ಕಡಿಮಿ."

"ಹಾದ್ಯಾಗ ಬಾವಿ ಇಲ್ಲೇನ್ರಿ?"

ನಮ್ಮನಿಯವರು ಪಡಸಾಲ್ಯಾಗ ಕುಂತು ನಗತಿದ್ರು. "ಅವ್ವ, ಹೊರಾಕಿ ಆಕಿ, ಆಕಿ ಲೆಕ್ಕ ಆಕಿಗೆ ಗೊತ್ತು ಬಿಡು" ಅಂದ್ರು. ಅತ್ತಿ ಎದ್ದು ಹೋಗಿ ಸೋಸೂ ಅರಿವಿ ತಂದು ನನ್ನ ಕೈಯಾಗ ಇಟ್ಟು, "ಇದಕ್ಕಂತೂ ವಜ್ಜಿ ಇಲ್ಲಲ್ಲ" ಅಂದ್ರು.

ಇದಕ್ಕ ವಜ್ಜಿ ಇರಲಿಲ್ಲ, ಖರೆ. ಆದ್ರ ಕುಷ್ಟಗಿಯ ಒಂದು ಮನಿಗೆ ಒಯ್ಯೂ ಮದವಿ ಬಳಿ ಇದ್ವು, ತೆಳ್ಳಾನ ಹಸರ ಬಳಿ, ಅಲಗಾಡಿದ್ರ ಒಡಿಯೂವಂಥವು. ಅವಕ್ಕ ಸುತ್ತಾಕ ಮೆತ್ತಗಿಂದು ಬೇಕಾಗಿತ್ತು. ಆ ಅರಿವಿಗಿಂತ ಮೆತ್ತಗಿಂದು ಮನ್ಯಾಗ ಇರಲಿಲ್ಲ. ಅತ್ತಿ ಬಚ್ಚಲಕ್ಕ ಹೋದಾಗ ಆ ಬಳಿಗೆ ಸುತ್ತಿ ಮಲಾರದ ನಡುವ ಇಟ್ಟು ಬಿಗಿದು ಕಟ್ಟಿಬಿಟ್ಟೆ.

ಯಲಬುರ್ಗಾ ದಾಟಿ ಬೇವೂರಿಗೆ ಹೋಗೂತನಕ ಎಲ್ಲಾ ಛಲೋ ಇತ್ತು. ಹೊರಿ ಹಗೂರ, ನನಗ ಭಾಳ ಹೆಮ್ಮಿ. ಬುರುಡಿ ಅರ್ಧಾನೂ ಖಾಲಿ ಆಗಿರಲಿಲ್ಲ. ನೋಡ್ರಿ, ನಾ ಹೇಳಲಿಲ್ಲೇನು ಅಂತ ಅವರಿಗೆ ತೋರಿಸಿ ತೋರಿಸಿ ನಕ್ಕಿದ್ದೆ. ಅವರು ಕುಡಿದಿರಲಿಲ್ಲ, ಅದಕ್ಕ ಖಾಲಿ ಆಗಿರಲಿಲ್ಲ. ನಾ ಅಂತೂ ಕುಡಿಯೂದಽ ಇಲ್ಲ. ಹಾದಿ ನಡಿಯೂ ಹೆಣಮಕ್ಕಳು ನೀರು ಕುಡಿದ್ರ ಮರೆ ಎಲ್ಲಿ ಹುಡಕಬೇಕು? ಬೇವೂರಾಗ ಆ ಉಳಿದದ್ದೂ ತೀರಿತು. ಅಲ್ಲಿ ಸಿಕ್ಕದ್ದು ಸವಳು ನೀರು, ಅವರು ಬಾಯಾಗ ಹಾಕಿ ಉಗುಳಿದ್ರು. "ಮುಂದ ಸಿಹಿನೀರಿನ ಬಾವಿ ಐತಿ ತಗೋ" ಅಂದ್ರು. ಖಾಲಿ ಬುರುಡಿ ಜೋತಾಡಿಸಿಕೋತ ಹೊಂಟ್ವಿ.

ನಡುಮಧ್ಯಾಹ್ನಕ್ಕ ಅವರು ಮಾತು ಬಿಟ್ರು. ಸುಮ್ನ ಇರೂ ಮನಶ್ಯಾ ಅಲ್ಲ ಅವರು, ಹಾದಿ ತುಂಬ ಏನರೆ ಒಂದು ಹಾಡಿಕೋತ ನಡಿಯಾವರು. ತಲಿ ಸಿಡೀತೈತಿ ಅಂದ್ರು. ಮುಂಜಾನಿಂದ ಉಚ್ಚಿ ಅರಿಷಿಣ ನೀರಿನಂಗ ಆಗೈತಿ ಅಂದ್ರು. ಮೀನಖಂಡ ಹಿಡಿದು ಹಿಡಿದು ನಿಲ್ಲತಿದ್ರು. ಅಷ್ಟು ಥಂಡಿ ಗಾಳ್ಯಾಗ ಅವರ ತುಟಿ ಒಡೆದು ಬಿಳಿಚಿದ್ವು. ಬಾವಿ ಬಂದಕೂಡಲೇ ಮಲಾರ ಕಟ್ಟಿಗೆ ಆನಿಸಿ ಹಂಗಽ ಕುಸದು ಕುಂತ್ರು. "ಗೌರಿ, ನೀರು" ಅಂದ್ರು. ಇಳಸೂ ಅಂತನೂ ಅನ್ನಲಿಲ್ಲ.

ಮೆಟ್ಟಿಲು ಬಾವಿ ಅದು, ಇಳಿದು ಹೋಗಿ ನೀರಾಗ ಕಾಲಿಟ್ಟು ತುಂಬೂವಂಥದು. ನಾ ಇಳಿಯೂದಕ ಕೆಳಗ ಒಬ್ಬ ಮುದುಕ ಕುಂತಿದ್ದ, ಮೊಣಕಾಲತನಕ ನೀರಾಗ ಕಾಲು ಬಿಟ್ಟಿದ್ದ. ಅವನ ಕಾಲಿಗೆ ಒಂದು ಸಣ್ಣ ಕಡ್ಡಿ ಕಟ್ಟಿತ್ತು. "ಭಾಳ ಉರಿ ಐತಿ ತಂಗಿ, ನೀರಾಗ ಇಟ್ರ ತಂಪು" ಅಂದ. ನನಗ ಹೇಸಿಕಿ ಬಂತು. ಆ ಕಡಿ ಮೂಲಿಗೆ ಸರಿದು ಬುರುಡಿ ಅದ್ದಿದೆ. ಸೋಸೂ ಅರಿವಿ ನೆನಪಾತು. ಅದು ಮಲಾರದ ನಡುವ, ನಾಕು ಗಂಟಿನ ಒಳಗ. ಬಿಚ್ಚಿದ್ರ ಹಸರ ಬಳಿ ಒಡೀತಾವ.

ಸೆರಗಿಲೇ ಸೋಸಬಹುದಿತ್ತಲ್ಲ ಅಂತ ನೀವು ಕೇಳತೀರಿ. ನಾ ಕೇಳಿಕೊಂಡಷ್ಟು ನೀವೇನೂ ಕೇಳಾಕಿಲ್ಲ. ಸೆರಗು ಕೈಯಾಗ ಹಿಡದಿದ್ದೆ ಸೈತ. ಹಿಡದು, ಇದು ತೊಯ್ದರ ಸಂಜಿತನಕ ಆರೂದಿಲ್ಲ, ಈ ಗಾಳ್ಯಾಗ ಮೈಗೆ ಅಂಟಿಕೊಂಡು ನಡಗಸತೈತಿ ಅಂದುಕೊಂಡೆ. ನನಗ ಥಂಡಿ ಆಗತೈತಿ ಅಂತ ಬಿಟ್ಟೆ. ಬ್ಯಾರೆ ಏನೂ ಕಾರಣ ಇಲ್ಲ. ಒಂದು ಬುರುಡಿಗೆ ಏನಾಗತೈತಿ ಅಂದೆ. ಮ್ಯಾಲೆ ಬಂದು ನನ್ನ ಕೈಲೇ ಅವರ ಬಾಯಿಗೆ ಹಿಡದೆ. ಗಟಗಟ ಕುಡಿದ್ರು. ಕುಡಿದು ನನ್ನ ಮಾರಿ ನೋಡಿ, "ಈಗ ಜೀವ ಬಂತು ನೋಡು" ಅಂದ್ರು. ನಾ ಕುಡೀಲಿಲ್ಲ.

ಮನಿಗೆ ಬಂದ ಮ್ಯಾಲೆ ಅತ್ತಿ ಅರಿವಿ ಕೇಳಿದ್ರು. ಬಿಚ್ಚಿ ಕೊಟ್ರ ಅದರಾಗ ಬಳಿ ಚೂರು ಸಿಕ್ಕೊಂಡಿದ್ವು, ಗೊತ್ತಾಗತಿತ್ತು. "ಗಾಳಿಗೆ ಹಾರಿ ಹೋತ್ರಿ ಅತ್ತಿ" ಅಂದೆ. "ನಿಮ್ಮ ಮಾವಂದು ಅಂತ ಅದೊಂದು ಇತ್ತು" ಅಂದ್ರು, ಮಗನ ಹಳೇ ಧೋತರ ಒಂದು ಹರದ್ರು. ನಾ ಆ ಹಳೇ ಅರಿವಿ ಮಲಾರದ ಹಗ್ಗ ಇಡೂ ಬುಟ್ಟಿಯ ತಳದಾಗ ತುರುಕಿ ಮರತುಬಿಟ್ಟೆ.

ವರ್ಷ ತುಂಬೂದಕ್ಕ, ಮತ್ತ ಥಂಡಿ ಶುರುವಾಗೂ ಹೊತ್ತಿಗೆ, ಅವರ ಎಡಗಾಲಿಗೆ ಒಂದು ಬೊಬ್ಬಿ ಎದ್ದಿತು. ಬೆಂಕಿ ಬಿದ್ದಂಗ ಉರೀತೈತಿ ಅಂದ್ರು. ಒಡದು, ಒಳಗಿಂದ ಬಿಳೇದು ಇಣಿಕಿತು. ಗಾಡಿ ಕಟ್ಟಿಕೊಂಡು ಮೂವರೂ ಯಲಬುರ್ಗಾ ದವಾಖಾನಿಗೆ ಹೋದ್ವಿ. ಅಲ್ಲಿಯ ಕಂಪೌಂಡರ ಸಾಹೇಬರು ಭಾಳ ಸಮಾಧಾನದ ಮನಶ್ಯಾ. ಹುಳದ ತುದಿ ಒಂದು ಕಡ್ಡಿಗೆ ಸುತ್ತಿ, ಕಾಲಿಗೆ ಕಟ್ಟಿ, "ದಿನಾ ಒಂದೊಂದು ಸುತ್ತು ಅಷ್ಟಽ ಎಳೀಬೇಕು. ಅವಸರ ಮಾಡಬ್ಯಾಡ. ಒಳಗ ಹರೀತು ಅಂದ್ರ ವಿಷ ಆಗತೈತಿ. ಒಂದು ತಿಂಗಳು ಕುಂತಽ ಇರು" ಅಂದ್ರು. ಆಮ್ಯಾಲೆ ಕೇಳಿದ್ರು, "ಹ್ವಾದ ವರ್ಷ ಇದಽ ದಿನದಾಗ ಮೆಟ್ಟಿಲು ಬಾವಿ ನೀರು ಸೋಸಲಾರದ ಕುಡದಿದ್ದೇನಪಾ? ಅದರ ಜೋಡಿ ಹೊಟ್ಟಿಗೆ ಹೋಗತೈತಿ ಇದು, ಒಂದು ವರ್ಷ ಮೈಯಾಗ ಬೆಳೀತೈತಿ. ಒಂದು ತುಂಡು ಅರಿವಿ ಇದ್ರ ಸಾಕಾಗಿತ್ತು."

ಅತ್ತಿ ನನ್ನ ಕಡೆ ತಿರುಗಿದ್ರು. ನಾ ಬಾಯಿ ತಗಿಯೂದರೊಳಗ ನಮ್ಮನಿಯವರಽ ಅಂದ್ರು, "ನಾನಽ ಬಾವಿಗಿಳಿದು ಬೊಗಸಿಲೇ ಕುಡದೆ ಅವ್ವ. ಇಕಿ ಬ್ಯಾಡ ಅಂತ ಬಡಕೊಂಡ್ಲು, ನಾ ಕೇಳಲಿಲ್ಲ." ಅತ್ತಿ ಹಣಿ ಹಣಿ ಬಡಕೊಂಡ್ರು. "ಸಣ್ಣವ ಇದ್ದಾಗಿಂದ ಹಿಂಗಽ, ನೀರು ಕಂಡ್ರ ದನದಂಗ ಬಾಯಿ ಹಾಕತಾನ" ಅಂತ ಮಗನ್ನ ಬೈಕೋತ ಬಂದ್ರು.

ಗಾಡಿಯಿಂದ ಇಳಿದ ಮ್ಯಾಲೆ ಅವರನ್ನ ಕೇಳಿದೆ, ಯಾಕ ಸುಳ್ಳ ಹೇಳಿದ್ರಿ ಅಂತ. "ನನ್ನ ಬೈದ್ರ ನಮ್ಮವ್ವ ಸಂಜಿಕ ಮರೀತಾಳ" ಅಂದ್ರು. "ನಿನ್ನ ಬೈದ್ರ ಜಲ್ಮಕ್ಕೂ ಮರಿಯೂದಿಲ್ಲ. ನೀವಿಬ್ಬರೂ ಒಂದಽ ಒಲಿ ಮುಂದ ಕುಂದ್ರಾವರು."

ತಿಂಗಳು ಕುಂದರೂದು ಆಗಲಿಲ್ಲ. ಹದಿನೈದು ದಿನಕ್ಕ ಬೇವೂರಿಂದ ಹೇಳಿ ಕಳಿಸಿದ್ರು, ಮಗಳ ಮದವಿ ಐತಿ, ಬಳಿಗೆ ಬರ್ರಿ, ಇಲ್ಲಂದ್ರ ಗದಗಿನ ಕಡಿಯಾಂವ ಒಬ್ಬ ಬರತೀನಿ ಅಂತಾನ ಅಂತ. ಹುಳ ಅರ್ಧ ಹೊರಗ ಬಂದಿತ್ತು. ಅತ್ತಿ ಬ್ಯಾಡ ಅಂದ್ರು, ನಾ ಬ್ಯಾಡ ಅಂದೆ. ನಾ ಒಬ್ಬಾಕಿಯೇ ಹೋಗತೀನಿ ಅಂದೆ. "ಮದಲಗಿತ್ತಿ ಬಳಿ ನಮ್ಮ ಮನಿತನದ ಗಂಡಸ ಇಡಬೇಕು, ಅದು ನಮ್ಮಪ್ಪ ನಡಿಸಿಕೊಂಡು ಬಂದದ್ದು" ಅಂತ ಹಟಾ ಹಿಡಿದ್ರು. ಕಡ್ಡಿ ಮ್ಯಾಲೆ ಅರಿವಿ ಬಿಗಿದು ಕಟ್ಟಿಕೊಂಡು ಎದ್ದಽ ಬಿಟ್ರು.

ಈ ಸಲ ಹೊರಿ ನಾ ಹೆಂಗ ಕಟ್ಟಿದೆ ಕೇಳ್ರಿ. ಅವರ ಬೆನ್ನಿಗೆ ಮದಲಗಿತ್ತಿ ಬಳಿ ಅಷ್ಟಽ, ಹಗೂರಂದು. ಕಂಬಳಿ, ರೊಟ್ಟಿ ಎಲ್ಲಾ ನನಗ. ಬುರುಡಿ ಮೂರಲ್ಲ, ಐದು. ಮಗ್ಗಲ ಮನಿಯಿಂದ ಎರಡು ಬೇಡಿ ತಂದಿದ್ದೆ. ಒಂದೊಂದೂ ಎರಡೆರಡು ಸಲ ಸೋಸಿದ ನೀರು. ಅವರು ನೋಡಿ, "ಹುಚ್ಚಿ, ಈಗ್ಯಾಕ?" ಅಂದ್ರು. ಈಗ ಉಪಯೋಗಿಲ್ಲ ಅಂತ ನನಗೂ ಗೊತ್ತಿತ್ತು, ಒಳಗ ಹೋದದ್ದು ಹೋಗೇತಿ ಅಂತ. ಆದ್ರೂ ಹೊತ್ತೆ. ಹೆಗಲ ಹಗ್ಗ ಚರ್ಮ ಕಿತ್ತಿತ್ತು, ಕಿತ್ತಷ್ಟೂ ಸಮಾಧಾನ ಆಗತಿತ್ತು.

ಬೇವೂರು ಇನ್ನೇನು ಬಂತು ಅನ್ನೂವಾಗ ಒಂದು ಹಳ್ಳ. ನೀರಿರಲಿಲ್ಲ, ಬರೇ ಉಸುಕು, ಕಲ್ಲು. ನಾ ಏದುಸಿರು ಬಿಡೂದು ಕೇಳಿ ಅವರು ತಿರುಗಿ ನಿಂತ್ರು. "ಎರಡು ಬುರುಡಿ ಕೊಡು ಇಲ್ಲಿ." "ಬ್ಯಾಡ್ರೀ, ನಿಮ್ಮ ಕಾಲು." "ಕಾಲಿಲೇ ಹೊರತೀನೇನು, ಹೆಗಲಿಲೇ ಹೊರತೀನಿ ಕೊಡು" ಅಂತ ನಕ್ಕೋತ ಕಸಕೊಂಡ್ರು. ನಾಕು ಹೆಜ್ಜಿ ಇಟ್ಟಿರಬೇಕು. ದಂಡಿ ಇಳಿಯೂವಾಗ ಬುರುಡಿ ಜೋತಾಡಿ ಒಂದು ಕಡೆ ಎಳೀತು, ಎಡಗಾಲು ಕಲ್ಲಿನ ಸಂದ್ಯಾಗ ಸಿಕ್ಕಿತು, ಬಿದ್ರು. ಮಲಾರ ಬೆನ್ನಮ್ಯಾಲೆ ಇತ್ತು, ಮಾರಿ ಅಡಿಯಾಗಿ ಬಿದ್ರು, ಒಂದು ಬಳಿನೂ ಒಡೀಲಿಲ್ಲ. ಕಾಲಿನ ಅರಿವಿ ಬಿಚ್ಚಿ ನೋಡಿದೆ. ಕಡ್ಡಿ ಬಿಡಿಯಾಗಿತ್ತು. ಅದಕ್ಕ ಸುತ್ತಿದ್ದ ಬಿಳೇ ದಾರ ಕಡ್ಡಿ ಸಂಗಾಟನಽ ಬಂದಿತ್ತು, ಉಳಿದದ್ದು ಒಳಗ ಸೇದಿಕೊಂಡಿತ್ತು. ಹುಣ್ಣಿನ ಬಾಯಿ ತುಂಬ ಹಳ್ಳದ ಮಣ್ಣು. ಹೊತ್ತಿದ್ದ ನೀರೆಲ್ಲಾ ಸುರುವಿ ತೊಳದೆ, ಐದೂ ಬುರುಡಿ. ಎಷ್ಟು ತೊಳದ್ರೇನು?

ಅವರು ಹಂಗಽ ಕುಂಟಿಕೋತ ಹೋಗಿ ಆ ಹುಡಿಗಿಗೆ ಬಳಿ ಇಟ್ರು. ಕೈ ಥಂಡಿಗೆ ಸೆಟದಿದ್ವು. ಎಣ್ಣಿ ಹಚ್ಚಿ, ಒಲಿ ಕಡೆ ಹಿಡಿಸಿ, ಒಂದೊಂದಽ ಏರಿಸಿದ್ರು. "ನೋಯಿತೇನು ತಂಗಿ?" ಅಂತ ಬಳಿ ಬಳಿಗೂ ಕೇಳತಿದ್ರು. ಅವರ ಹಣಿ ಮ್ಯಾಲೆ ಆ ಥಂಡ್ಯಾಗ ಬೆವರು ಇಳೀತಿತ್ತು. ಒಂದೂ ಒಡೀಲಿಲ್ಲ. ಮದವಿ ಮನಿಯವರು ಗಾಡಿ ಕಟ್ಟಿ ಕಳಿಸಿದ್ರು.

ಒಂಬತ್ತನೇ ದಿನ ಮುಂಜಾನಿ ದವಡಿ ಹಿಡೀತೈತಿ ಅಂದ್ರು. ಮಧ್ಯಾಹ್ನಕ್ಕ ಬಾಯಿ ಕಚ್ಚಿಕೊಂಡು ಬಿಟ್ಟಿತು. ಧನುರ್ವಾಯು ಅಂದ್ರು ಮಂದಿ. ಬೆನ್ನು ಬಿಲ್ಲಿನಂಗ ಬಾಗತಿತ್ತು. ಕಣ್ಣು ಮಾತ್ರ ತಿರಗತಿದ್ವು, ನೀರಿನ ಕಡೆ ನೋಡತಿದ್ವು. ಸೋಸಿದ ನೀರು ಅರಿವಿಲೇ ಅದ್ದಿ ತುಟಿಗೆ ಹಿಂಡತಿದ್ದೆ, ಹಲ್ಲಿಗೆ ಬಡದು ಗಲ್ಲದಿಂದ ಇಳದು ಹೋಗತಿತ್ತು. ಎರಡು ದಿನ ಹಿಂಡಿದೆ. ಒಂದು ಹನಿನೂ ಒಳಗ ಹೋಗಲಿಲ್ಲ. ನೀರಡಿಕಿಯೊಳಗಽ ಹ್ವಾದ್ರು ನಮ್ಮನಿಯವರು.

ನನ್ನ ಬಳಿ ಒಡಿಸಿದ್ರು. ಅದರ ಬಗ್ಗೆ ನಾ ಏನೂ ಹೇಳೂದಿಲ್ಲ. ಬಳಿ ಇಲ್ಲದ ಕೈಲೇ ಬಳಿ ಇಡಿಸಿಕೊಳ್ಳಾಕ ಯಾರು ಬರತಾರ? ಊರು ಗದಗಿನ ಕಡಿಯಾಂವನ ಪಾಲಾದ್ವು. ಮಲಾರದ ಹಗ್ಗ ಮಾವನ ತಮ್ಮನ ಮಕ್ಕಳು ಕೇಳಿದ್ರು. ಅತ್ತಿ ತಾವಽ ಬುಟ್ಟಿ ಕೆದಕಿ ಹಗ್ಗ ತಗೀತಿದ್ರು. ನಾ ಜ್ವಾಳ ಹಸನ ಮಾಡಕೋತ ಕುಂತಿದ್ದೆ. ಹಗ್ಗದ ಸದ್ದು ನಿಂತಿತಂತ ತಿರುಗಿದೆ. ಅವರ ಕೈಯಾಗ ಕೆಂಪು ದಡಿ ಅರಿವಿ ಇತ್ತು. ಝಾಡಿಸಿದ್ರು. ಹಸರ ಗಾಜಿನ ಚೂರು ನೆಲದ ಮ್ಯಾಲೆ ಉದುರಿದ್ವು. ಎಲ್ಲಾ ಅವರಿಗೆ ತಿಳೀತು. ಮಗ ಸುಳ್ಳ ಹೇಳಿದ್ದೂ ತಿಳೀತು, ಯಾರ ಸಲುವಾಗಿ ಹೇಳಿದ್ದ ಅನ್ನೂದೂ ತಿಳೀತು.

ಬೈತಾರ ಅಂತ ಕಾದೆ. ಬಡೀಲಿ, ಕೂದಲಾ ಹಿಡದು ಹೊರಗ ಹಾಕಲಿ ಅಂತ ದೇವರಲ್ಲಿ ಬೇಡಿಕೊಂಡೆ. ಅವರು ಚೂರು ಒಂದೊಂದಽ ಆರಿಸಿ ಹೊರಗ ಚೆಲ್ಲಿ ಬಂದ್ರು. ಅರಿವಿ ಒಗದ್ರು, ಹಗ್ಗದ ಮ್ಯಾಲೆ ಹಾಕಿದ್ರು, ಒಣಗಿದ ಮ್ಯಾಲೆ ಮಡಚಿ ಕೊಡದ ಬಾಯಿಗೆ ಇಟ್ರು. ಆಮ್ಯಾಲೆ ಹನ್ನೊಂದು ವರ್ಷ ಬದುಕಿದ್ರು, ಆ ಅರಿವಿ ಸುದ್ದಿ ಒಂದಿನಾನೂ ಎತ್ತಲಿಲ್ಲ. ನಾ ಬಡಿದ ರೊಟ್ಟಿ ಉಣತಿದ್ರು, ಜ್ವರ ಬಂದಾಗ ನನ್ನ ತಲಿ ಒತ್ತತಿದ್ರು, ತವರ್ಯಾಗ ಯಾರೂ ಇಲ್ಲದಾಕಿ ಅಂತ ಹಬ್ಬಕ್ಕ ಸೀರಿ ತರಸತಿದ್ರು. ಆದ್ರ ನೀರು ಮಾತ್ರ ತಾವಽ ಎದ್ದು, ತಾವಽ ಸೋಸಿ, ತಾವಽ ತುಂಬಿಕೊಂಡು ಕುಡೀತಿದ್ರು. ಕಾಲು ಬಿದ್ದ ಮ್ಯಾಲೂ ಗ್ವಾಡಿ ಹಿಡಕೊಂಡು ಕೊಡದತನಕ ಹೋಗತಿದ್ರು. ನಾ ತಂಬಗಿ ಹಿಡದು ನಿಂತ್ರ ನೋಡಿಲ್ಲದಂಗ ಸರಿದು ಹೋಗತಿದ್ರು.

ಕಡೀ ದಿನ ಎದ್ದೇಳಾಕ ಆಗಲಿಲ್ಲ. ಹೊರಗ ಬಿಸಿಲು ಇತ್ತು, ಒಳಗ ಥಂಡಿ. ತುಟಿ ಒಡೆದು ಬಿಳಿಚಿದ್ವು, ಮಗನ್ವು ಬಿಳಿಚಿದ್ವಲ್ಲ ಹಂಗಽ. ನಾ ತಂಬಗಿ ತುಂಬಿ ತಂದು ಮಗ್ಗಲಕ್ಕ ಕುಂತೆ, ತಲಿ ಎತ್ತಿ ಹಿಡದೆ. ಅತ್ತಿ ನೀರು ನೋಡಿದ್ರು. ಆಮ್ಯಾಲೆ ನನ್ನ ಮಾರಿ ನೋಡಿದ್ರು.

"ಸೋಸೀ ಏನವಾ?" ಅಂದ್ರು.

"ಸೋಸೀನ್ರೀ ಅತ್ತಿ" ಅಂದೆ.

ಬಾಯಿ ತಗದ್ರು.